ಕೊಟ್ಟ ಹಸುವಿನ ದೋಷ

ಮಷೂರಿನ ಸಂತೆಯಲ್ಲಿ ನಿಂತು ಸಿತೇಯಾ ಎಲ್ಲಿರುತ್ತಾಳೆ ಎಂದು ಕೇಳಿದರೆ ಜನ ಒಂದು ಕ್ಷಣ ಯೋಚಿಸುತ್ತಾರೆ. ಸೂಜಿಯವಳು ಎಂದರೆ ಕೂಡಲೇ ಕೈ ತೋರಿಸುತ್ತಾರೆ: ಒಣಹೊಳೆಯ ಆಚೆ, ಹಳದಿ ತೊಗಟೆಯ ಎರಡು ಜಾಲಿಮರ ದಾಟಿದ ಮೇಲೆ ಸಿಗುವ ಮೊದಲ ದೊಡ್ಡಿ. ಅವಳಿಗೆ ಈಗ ನಲವತ್ತೆಂಟೋ ನಲವತ್ತೊಂಬತ್ತೋ ಇರಬೇಕು. ಹುಟ್ಟಿದ ವರ್ಷ ಅವಳಿಗೆ ಗೊತ್ತಿಲ್ಲ. ದನಗಳಿಗೆ ಶ್ವಾಸಕೋಶದ ದೊಡ್ಡ ರೋಗ ಬಂದ ವರ್ಷ ತನ್ನ ಹಾಲುಹಲ್ಲು ಬಿದ್ದವು ಎನ್ನುತ್ತಾಳೆ. ಆ ಲೆಕ್ಕ ನನ್ನ ಕಡತಗಳ ಜೊತೆ ಸರಿಹೊಂದುತ್ತದೆ. ಎತ್ತರದ, ಎಲುಬು ಎದ್ದು ಕಾಣುವ ಹೆಂಗಸು. ಬಲಗೈಯ ಹೆಬ್ಬೆರಳಿನಲ್ಲಿ ಗಾಜು ಸೀಳಿದ ಮೂರು ಗೆರೆಗಳಿವೆ.

ಅವಳನ್ನು ಮದುವೆ ಮಾಡಿ ಕೊಟ್ಟಾಗ ಅವಳು ಹದಿನಾರರ ಹುಡುಗಿ. ಗಂಡನಿಗೆ ಎರಡನೆಯ ಹೆಂಡತಿ. ಅವಳ ಪಾಲಿಗೆಂದು ಹಾಲು ಕರೆಯಲು ಬಿಟ್ಟುಕೊಟ್ಟದ್ದು ಒಂದು ಮುದಿ ಹಸು. ಮೊದಲ ಮಗು ಹುಟ್ಟಿದ ತಿಂಗಳೇ ಅದು ಬತ್ತಿತು. ದೊಡ್ಡ ಹೆಂಡತಿ ದಿನಕ್ಕೊಂದು ಸೋರೆಬುರುಡೆ ಹಾಲು ಕೊಡುತ್ತಿದ್ದಳು, ಕೊಡುವಾಗೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ಆಗ ಪಕ್ಕದ ದೊಡ್ಡಿಯ ನಂಪಾಸೊ ಒಂದು ಬೆಳಗ್ಗೆ ಹಗ್ಗ ಹಿಡಿದು ಬಂದಳು. ನಂಪಾಸೊ ಅವಳಿಗಿಂತ ಎರಡು ವರ್ಷ ಮೊದಲು ಮದುವೆಯಾಗಿ ಬಂದವಳು, ಗಿಡ್ಡ ಆಳು, ದೊಡ್ಡ ಗಂಟಲು. ಹಗ್ಗದ ತುದಿಯಲ್ಲಿ ಹಾಲು ಬಿಡಿಸಿದ ಒಂದು ಹೆಣ್ಣುಕರು, ಬಾಗಿಲ ಮುಂದೆ ಅದು ಆಗಲೇ ಹಾಕಿದ ಸಗಣಿ.

"ತಗೋ," ಎಂದಳಂತೆ. "ಇದು ಬೆಳೆಯೋದಕ್ಕೆ ಮೂರು ವರ್ಷ ಬೇಕು. ಅಲ್ಲೀವರೆಗೂ ನಮ್ಮನೇಲಿ ಬಂದು ಹಾಲು ಕುಡಿ. ಇವತ್ತಿಂದ ನಿನ್ನ ಹೆಸರು ನನ್ನ ಬಾಯಲ್ಲಿ ಇಲ್ಲ."

ದನ ಮೇಯಿಸುವ ನಮ್ಮ ಜನರಲ್ಲಿ ಕರು ಕೊಟ್ಟವರೂ ತೆಗೆದುಕೊಂಡವರೂ ಅಂದಿನಿಂದ ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವುದಿಲ್ಲ. ಇಬ್ಬರಿಗೂ ಒಂದೇ ಹೆಸರು, ಪಾಶೆ. ಒಬ್ಬಳು ಪಾಶೆ ಎಂದು ಕೂಗಿದರೆ ಇನ್ನೊಬ್ಬಳು ಪಾಶೆ ಎಂದೇ ಓಗೊಡಬೇಕು. ಬರೀ ಹೂಂ ಎಂದರೆ ಏನೋ ಮನಸ್ತಾಪವಾಗಿದೆ ಎಂದು ಕೇಳಿದವರು ತಿಳಿಯುತ್ತಾರೆ. ಮಕ್ಕಳಿಗೆ ಅಮ್ಮನ ಗೆಳತಿಯ ನಿಜವಾದ ಹೆಸರು ಎಷ್ಟೋ ವರ್ಷ ಗೊತ್ತೇ ಇರುವುದಿಲ್ಲ.

ಆ ಕೂಗು ಇಪ್ಪತ್ತೊಂದು ವರ್ಷ ನಡೆಯಿತು. ಒಣಹೊಳೆಯಲ್ಲಿ ಮರಳು ತೋಡಿ ನೀರು ತುಂಬುವ ಕಡೆ ನಾನೇ ಕೇಳಿದ್ದೇನೆ. ಒಬ್ಬಳು ಈ ದಡ, ಇನ್ನೊಬ್ಬಳು ಆ ದಡ.

"ಪಾಶೆ!"

"ಪಾಶೆ!"

"ಗಂಡ ಮನೇಲಿದ್ದಾನೇನೇ?"

"ಇದ್ದಾನೆ. ಇದ್ದು ಏನ್ ಮಾಡ್ತಾನೆ, ಮರದ ಕೆಳಗೆ ಕೂತಿದ್ದಾನೆ."

"ನಮ್ಮೋನೂ ಕೂತಿದ್ದಾನೆ. ಇಬ್ಬರನ್ನೂ ಒಂದೇ ಮರದ ಕೆಳಗೆ ಕೂರಿಸಿಬಿಡೋಣ ಕಣೇ, ಸೌದೆಗೆ ಒಂದು ಮರ ಉಳಿಯುತ್ತೆ."

ಅಕ್ಕಪಕ್ಕದವರೆಲ್ಲ ನಗುತ್ತಿದ್ದರು. ಅವರಿಬ್ಬರ ಮಾತಿನಲ್ಲಿ ಅದಕ್ಕಿಂತ ದೊಡ್ಡ ವಿಷಯವೇನೂ ಇರುತ್ತಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ನಾನು ಪಶುವೈದ್ಯೆ, ಇದೇ ಸೀಮೆಯವಳು. ಊರಿಗೊಬ್ಬರಂತೆ ದನದ ಔಷಧಿ ಕಲಿಸುವ ಯೋಜನೆ ಬಂದಾಗ ಕಲಿಸುವ ಕೆಲಸ ನನಗೆ ಬಿತ್ತು. ಮಷೂರಿನ ಹಿರಿಯರು ಮೂವರು ಗಂಡಸರ ಹೆಸರು ಕೊಟ್ಟರು. ನಾನು ಆ ಮೂವರ ಮುಂದೆ ಮೂವತ್ತು ಹಸು ನಿಲ್ಲಿಸಿ, ಇವುಗಳಲ್ಲಿ ನಿನ್ನೆಗಿಂತ ಇಂದು ಬೇರೆಯಾಗಿ ಕಾಣುವುದು ಯಾವುದು ಎಂದು ಕೇಳಿದೆ. ಮೂವರೂ ಕೊಂಬು ಹೊಗಳಿದರು, ಬಣ್ಣ ಹೊಗಳಿದರು. ಬುರುಡೆ ಹಿಡಿದು ಹಾಲಿಗೆಂದು ಬಂದ ಸಿತೇಯಾ ನಿಂತಲ್ಲಿಂದಲೇ, "ಆ ಕಪ್ಪನೆಯದು ಮೆಲುಕು ಹಾಕ್ತಾ ಇಲ್ಲ," ಎಂದಳು. ಅವಳನ್ನೇ ಆರಿಸಿದೆ. ಹಿರಿಯರು ಮುಖ ಸಿಂಡರಿಸಿದರು. ಒಂದು ವರ್ಷದ ಮೇಲೆ ಅದೇ ಹಿರಿಯರು ತಮ್ಮ ಹಸುಗಳನ್ನು ಹೊಡೆದುಕೊಂಡು ಅವಳ ಬಾಗಿಲಿಗೆ ಬಂದರು.

ಅವಳ ತಗಡಿನ ಪೆಟ್ಟಿಗೆಯಲ್ಲಿ ಎರಡು ಸಿರಿಂಜು, ಸೂಜಿಗಳು, ಹುಳದ ಔಷಧಿ, ಪೆನ್ಸಿಲಿನ್ ಬಾಟಲಿ, ಗಾಯದ ನೀಲಿ ಔಷಧಿ. ಪೆನ್ಸಿಲಿನ್ ಹಾಲಿನಂತೆ ಇರುವುದರಿಂದ ಜನ ಅದನ್ನು ಬಿಳಿ ಔಷಧಿ ಎನ್ನುತ್ತಾರೆ. ಕೆಚ್ಚಲು ಬಾವಿಗೆ, ಗೊರಸಿನ ಕೀವಿಗೆ, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ.

ನಂಪಾಸೊ ಕೊಟ್ಟ ಕರುವಿನ ಮೊಮ್ಮಗಳ ಹೆಸರು ಸಾಂಪು. ಕಂದು ಮೈಯ ಮೇಲೆ ಸಣ್ಣ ಬಿಳಿ ಗೆರೆಗಳಿರುವ ಹಸುವಿಗೆ ನಮ್ಮಲ್ಲಿ ಆ ಹೆಸರು. ಆ ದೊಡ್ಡಿಯಲ್ಲಿ ಅಷ್ಟು ಹಾಲು ಕೊಡುವ ಹಸು ಇನ್ನೊಂದಿರಲಿಲ್ಲ. ಒಮ್ಮೆ ಅದರ ಗೊರಸಿನ ಸಂದು ಕೀವಾಯಿತು. ಸಿತೇಯಾ ಬಿಳಿ ಔಷಧಿ ಹಾಕಿದಳು. ಸ್ವಲ್ಪ ಹೊತ್ತಿಗೆ ಸಾಂಪುವಿನ ಕಣ್ಣಿನ ರೆಪ್ಪೆ ಬಾತುಕೊಂಡಿತು, ಪಕ್ಕೆಯ ತುಂಬ ಅವರೆಕಾಳಿನಂಥ ಗಂಧೆಗಳೆದ್ದವು, ಹಸು ಬೇಲಿಗೆ ಮೈ ಉಜ್ಜಿ ಉಜ್ಜಿ ಕೂದಲು ಕಿತ್ತುಕೊಂಡಿತು. ಸಂಜೆಯ ಹೊತ್ತಿಗೆ ಎಲ್ಲ ಇಳಿಯಿತು. ಸಾಂಪುವಿಗೆ ಬಿಳಿ ಔಷಧಿ ಕೂಡದು ಎಂದು ಸಿತೇಯಾ ಮನಸ್ಸಿನಲ್ಲಿಟ್ಟುಕೊಂಡಳು. ಅಲ್ಲಿಯವರೆಗೆ ಅವಳು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಮುಂದಿನ ವರ್ಷ ನಂಪಾಸೊಳ ದೊಡ್ಡಿಗೆ ಉಣ್ಣೆಜ್ವರ ಬಂತು. ಒಂದೂವರೆ ತಿಂಗಳಲ್ಲಿ ಎರಡು ಗೊಡ್ಡು ಹಸು ಬಿಟ್ಟು ಎಲ್ಲ ಹೋದವು. ಆಗ ಸಿತೇಯಾ ಸಾಂಪುವನ್ನು, ಕರುಹಾಕಿ ಎರಡು ತಿಂಗಳಾಗಿದ್ದ ಸಾಂಪುವನ್ನು, ಹೆಣ್ಣುಕರುವಿನ ಸಮೇತ ಹೊಡೆದುಕೊಂಡು ಹೋಗಿ ಕೊಟ್ಟಳು. ಹತ್ತು ಹೆಂಗಸರ ಎದುರು, ನಮ್ಮ ಪದ್ಧತಿಯಂತೆ ಶುಭಕ್ಕೆಂದು ಹಸಿ ಹುಲ್ಲು ಹಿಡಿದು ಕೊಟ್ಟಳು.

ಹಸು ಕೊಡುವಾಗ ಅದರ ದೋಷ ಹೇಳುವುದು ನಮ್ಮಲ್ಲಿ ಇಲ್ಲ. ಒದೆಯುತ್ತದೆ ಎಂದೂ ಹೇಳುವುದಿಲ್ಲ, ಒಂದು ಮೊಲೆ ಬತ್ತಿದೆ ಎಂದೂ ಹೇಳುವುದಿಲ್ಲ. ಹೇಳಿದರೆ ಹಸುವಿಗೆ ಶಾಪ ಕೊಟ್ಟಂತೆ, ತೆಗೆದುಕೊಳ್ಳುವವಳಿಗೆ ಅವಮಾನ ಮಾಡಿದಂತೆ. ತೆಗೆದುಕೊಳ್ಳುವವಳೂ ಕೇಳುವುದಿಲ್ಲ. ಇದು ಮೂರ್ಖತನವೆಂದು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ನನ್ನ ತಂಗಿಗೆ ಹಸು ಕೊಟ್ಟ ದಿನ ನಾನೂ ಬಾಯಿ ಬಿಡಲಿಲ್ಲ.

ಸಿತೇಯಾಳ ಬಳಿ ಇನ್ನೊಂದು ಸಮಾಧಾನವಿತ್ತು. ಈ ಸುತ್ತಿನಲ್ಲಿ ಸೂಜಿ ಹಾಕುವವಳು ತಾನೊಬ್ಬಳೇ. ಸಾಂಪುವಿಗೆ ಏನಾದರೂ ಆದರೆ ಕರೆ ಬರುವುದು ತನಗೇ. ತನಗೆ ಗೊತ್ತಿದ್ದರೆ ಸಾಕಲ್ಲ?

ಎಂಟು ತಿಂಗಳ ಮೇಲೆ ನಾನು ಕಲಿತವರನ್ನೆಲ್ಲ ನಾಲ್ಕು ದಿನದ ಮರುಪಾಠಕ್ಕೆ ಕಜಿಯಾಡೊ ಪಟ್ಟಣಕ್ಕೆ ಕರೆಸಿದೆ. ಮೂರನೆಯ ದಿನದ ಪಾಠ, ಔಷಧಿ ಮೈಗೆ ಒಗ್ಗದ ಹಸುಗಳದ್ದು. ಹಲಗೆಯ ಮೇಲೆ ಬಾತ ಕಣ್ಣಿನ, ಊದಿದ ಮೂತಿಯ ಹಸುವಿನ ಚಿತ್ರ ಬರೆದೆ. ಮೊದಲ ಸಲ ಗಂಧೆಯಲ್ಲಿ ಮುಗಿದದ್ದು ಎರಡನೆಯ ಸಲ ಉಸಿರನ್ನೇ ನಿಲ್ಲಿಸಬಹುದು, ಹತ್ತು ನಿಮಿಷವೂ ಬೇಡ ಎಂದೆ.

ಹಿಂದಿನ ಬೆಂಚಿನಿಂದ ಸಿತೇಯಾ, "ನಾನು ನೋಡಿದ್ದೀನಿ," ಎಂದಳು. "ನಮ್ಮ ಸಾಂಪುಗೆ ಆಗಿತ್ತು."

"ಈಗ ಎಲ್ಲಿದೆ ಸಾಂಪು?"

"ಕೊಟ್ಟೆ. ನನ್ನ ಪಾಶೆಗೆ."

"ಅವಳಿಗೆ ಹೇಳಿದ್ದೀಯಾ?"

ಹನ್ನೆರಡು ಜನರ ಮುಂದೆ ನಾನೇನೋ ಅಸಭ್ಯವಾದದ್ದನ್ನು ಕೇಳಿದೆನೆಂಬಂತೆ ಅವಳು ನನ್ನನ್ನು ನೋಡಿದಳು. "ಕೊಟ್ಟ ಹಸುವಿನ ಮೇಲೆ ಯಾರಾದ್ರೂ ಮಾತಾಡ್ತಾರಾ, ಕೋಕೋ?"

ನನಗೆ ಆಗಿನ್ನೂ ಅಜ್ಜಿ ಎನ್ನಿಸಿಕೊಳ್ಳುವ ವಯಸ್ಸಲ್ಲ. ಅವಳು ಗೌರವಕ್ಕೆ ಹಾಗೆ ಕರೆಯುತ್ತಿದ್ದಳು. "ಊರಿಗೆ ಹೋದ ದಿನವೇ ಹೇಳು," ಎಂದೆ. "ಅವಳ ಮನೆಗೆ ಹೋಗಿ, ನಿಂತು, ಹೇಳು."

"ಆಯ್ತು," ಎಂದಳು.

ಆ ಪಾಠ ನಡೆದದ್ದು ಗುರುವಾರ. ಸಾಂಪು ಸತ್ತದ್ದೂ ಗುರುವಾರವೇ, ಬೆಳಗ್ಗೆ. ಕೆಚ್ಚಲು ಬಾತು ಕಲ್ಲಾಗಿತ್ತು. ಸಿತೇಯಾ ಊರಲ್ಲಿರಲಿಲ್ಲ. ನಂಪಾಸೊ ಗೆಳತಿಯ ಪಕ್ಕ ನಿಂತು ನೂರು ಸಲ ನೋಡಿ ಸೂಜಿ ಹಾಕುವುದನ್ನು ಕಲಿತಿದ್ದಳು. ಅಂಗಡಿಯಿಂದ ಬಿಳಿ ಔಷಧಿ ತಂದಳು, ಸೂಜಿ ಕುದಿಸಿದಳು, ಸರಿಯಾದ ಜಾಗದಲ್ಲಿ, ಸರಿಯಾದಷ್ಟು ಹಾಕಿದಳು. ಅವಳ ಕೈಯಲ್ಲಿ ಯಾವ ತಪ್ಪೂ ಆಗಲಿಲ್ಲ. ಸಿರಿಂಜು ತೊಳೆದು ತಿರುಗುವಷ್ಟರಲ್ಲಿ ಸಾಂಪು ಮಂಡಿಯೂರಿತ್ತು, ಬಾಯಲ್ಲಿ ನೊರೆ, ನಾಲಿಗೆ ನೀಲಿ.

ಶನಿವಾರ ಮಧ್ಯಾಹ್ನ ಸಿತೇಯಾ ಬಸ್ಸಿಳಿದು ನೆಟ್ಟಗೆ ನಂಪಾಸೊಳ ದೊಡ್ಡಿಗೆ ಹೋದಳು. ನಂಪಾಸೊ ಸಾಂಪುವಿನ ಚರ್ಮವನ್ನು ಗೂಟ ಹೊಡೆದು ಒಣಗಿಸುತ್ತಿದ್ದಳು.

"ಪಾಶೆ," ಎಂದು ಅವಳೇ ಮೊದಲು ಅತ್ತಳು. "ನನ್ನ ಕೈಯಿಂದಲೇ ಹೋಯ್ತು ಕಣೇ. ನೀನು ಕೊಟ್ಟಿದ್ದನ್ನ ನಾನೇ ಕೊಂದೆ."

ಸಿತೇಯಾ ಸುಮ್ಮನಿದ್ದಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಇಬ್ಬರೂ ಕೂತು ಅತ್ತು ಚಹಾ ಕುಡಿಯುತ್ತಿದ್ದರು. ಆದರೆ ಅವಳು, "ನಿನ್ನ ಕೈಯಿಂದಲ್ಲ," ಎಂದಳು. "ಅದಕ್ಕೆ ಬಿಳಿ ಔಷಧಿ ಆಗ್ತಿರಲಿಲ್ಲ. ನಮ್ಮನೇಲಿದ್ದಾಗ ಒಂದು ಸಲ ಬಾತಿತ್ತು. ನನಗೆ ಗೊತ್ತಿತ್ತು."

ನಂಪಾಸೊ ಗೂಟದ ಕಲ್ಲನ್ನು ಕೆಳಗಿಟ್ಟಳು.

"ಗೊತ್ತಿತ್ತು."

"ಗೊತ್ತಿತ್ತು."

"ಎರಡು ದಿನದಿಂದ ನನ್ನ ಕೈ ನಾನೇ ಕಡಿದುಕೊಳ್ಳೋಣ ಅಂತಿದ್ದೀನಿ. ಗೊತ್ತಿತ್ತಾ ನಿನಗೆ?" ಅವಳು ಕಲ್ಲನ್ನು ಮತ್ತೆ ಎತ್ತಿಕೊಂಡು ಹೇಳಿದಳು, "ಮನೆಗೆ ಹೋಗು, ಸಿತೇಯಾ."

ಇಪ್ಪತ್ತೊಂದು ವರ್ಷದಲ್ಲಿ ಆ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಚರ್ಮದ ಆಚೆ ನಿಂತಿದ್ದ ನಂಪಾಸೊಳ ಮಗಳು, ಅಮ್ಮ ಯಾರನ್ನು ಕರೆಯುತ್ತಿದ್ದಾಳೆ ಎಂದು ಹಿಂತಿರುಗಿ ನೋಡಿದಳಂತೆ.

ಸಿತೇಯಾ ಮರುವರ್ಷ ಒಂದು ಒಳ್ಳೆಯ ಹೆಣ್ಣುಕರುವನ್ನು ಹೊಡೆದುಕೊಂಡು ಹೋದಳು. ನಂಪಾಸೊ ಮನೆಯಲ್ಲಿರಲಿಲ್ಲ, ಅಥವಾ ಇಲ್ಲವೆನ್ನಿಸಿದಳು. ಸಿತೇಯಾ ಕರುವನ್ನು ಬಾಗಿಲ ಹತ್ತಿರ ಕಟ್ಟಿ ಬಂದಳು. ಮಾರನೆಯ ಬೆಳಗ್ಗೆ ಕರು ಸಿತೇಯಾಳ ಬಾಗಿಲಲ್ಲಿತ್ತು, ಅದಕ್ಕೆ ಹುಲ್ಲು ಹಾಕಿ, ನೀರು ಕುಡಿಸಿ ಕಳಿಸಿದ್ದರು. ಜಗಳವಾಡಿ ಕಳಿಸಿದ್ದರೆ ಇನ್ನೊಮ್ಮೆ ಹೋಗಬಹುದಿತ್ತು.

ಹೀಗೆ ಒಂಬತ್ತು ವರ್ಷ ನಡೆಯಿತು. ಅವರಿಬ್ಬರ ನಡುವೆ ಮಾತು ನಿಂತಿರಲಿಲ್ಲ, ಅದೇ ಕಷ್ಟ. ಹೆರಿಗೆಗಳಲ್ಲಿ, ಸಾವುಗಳಲ್ಲಿ, ನೀರಿನ ಬಳಿ ಸಿಗುತ್ತಿದ್ದರು. "ಸಿತೇಯಾ, ಆ ಬುರುಡೆ ಕೊಡು." "ಸಿತೇಯಾ, ಸೊಸೆ ಹೇಗಿದ್ದಾಳೆ?" ಎಲ್ಲ ಮರ್ಯಾದೆಯ ಮಾತು. ಸಿತೇಯಾ ಮಾತ್ರ ನಂಪಾಸೊಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಪಾಶೆ ಎಂದು ಕರೆಯುವ ಹಕ್ಕು ತಪ್ಪು ಮಾಡಿದವಳಿಗಿಲ್ಲ. ನಂಪಾಸೊ ಎನ್ನಲು ನಾಲಿಗೆ ಏಳಲಿಲ್ಲ. ಹತ್ತಿರ ಹೋಗಿ ಎದುರು ನಿಂತು ಮಾತಾಡುತ್ತಿದ್ದಳು. ದೂರದಿಂದ ಕೂಗಬೇಕಾದಾಗ ಸುಮ್ಮನಿದ್ದುಬಿಡುತ್ತಿದ್ದಳು.

ಒಮ್ಮೆ ನನಗೆ ಹೇಳಿದಳು: "ನನ್ನ ಹೆಸರು ಚೆನ್ನಾಗೇ ಇದೆ, ಕೋಕೋ. ಅಪ್ಪ ಇಟ್ಟಿದ್ದು. ಎಲ್ಲರೂ ಕರೀತಾರೆ, ಏನೂ ಅನ್ಸಲ್ಲ. ಅವಳು ಕರೆದಾಗ ಮಾತ್ರ ಯಾರೋ ಬೇರೆಯವರನ್ನ ಕರೆದ ಹಾಗಿರುತ್ತೆ." ಬೆಳಗ್ಗೆ ನೀರಿಗೆ ಹೋದಾಗ ಆ ದಡದಲ್ಲಿ ಯಾರಾದರೂ ಯಾರನ್ನಾದರೂ ಪಾಶೆ ಎಂದು ಕೂಗಿದರೆ ತಾನು ತಲೆ ಎತ್ತುತ್ತೇನೆ ಎಂದೂ ಹೇಳಿದಳು. ಹೇಳಿ, ಸಿರಿಂಜು ತೊಳೆಯತೊಡಗಿದಳು.

ಕೆಲಸದಲ್ಲಿ ಅವಳು ಬಿಗಿಯಾದಳು. ನನ್ನಿಂದ ಅಡ್ರಿನಲಿನ್ ತರಿಸಿಕೊಂಡಳು. ಕುಸಿದ ಹಸುವಿನ ಉಸಿರನ್ನು ಹಿಂದಕ್ಕೆ ತರುವ ಔಷಧಿ ಅದೊಂದೇ. ಬೆರಳಿನಷ್ಟು ಗಾಜಿನ ಕೊಳವೆಗಳಲ್ಲಿ ಬರುತ್ತದೆ, ಬಿಸಿಲು ತಾಗಿದರೆ ಕಂದಾಗಿ ಕೆಡುತ್ತದೆ. ಅವಳು ಆ ಕೊಳವೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಳೆಯ ಹಾಲಿನ ಬುರುಡೆಯೊಳಗೆ ಇಡುತ್ತಿದ್ದಳು. ಸೂಜಿ ಹಾಕುವ ಮೊದಲು ಪ್ರತಿಯೊಬ್ಬರನ್ನೂ, ಹಿಂದೆ ಏನಾದರೂ ಬಾತಿತ್ತೇ ಎಂದು ಕೇಳುತ್ತಿದ್ದಳು. ಪ್ರತಿಯೊಬ್ಬರೂ ಇಲ್ಲ ಎನ್ನುತ್ತಿದ್ದರು. ಅದಕ್ಕೇ ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಯಾರೂ ಅಲ್ಲಾಡಬಾರದು, ಹಸುವನ್ನು ನೋಡುತ್ತ ಕೂರಬೇಕು ಎಂಬ ನಿಯಮ ಮಾಡಿದಳು.

ಹೋದ ವರ್ಷ ಕಾಲುಬಾಯಿ ರೋಗದ ಲಸಿಕೆ ಹಾಕುವ ದಿನ. ಒಂದರ ಹಿಂದೊಂದು ಹಸು ಹೋಗುವಂತೆ ಮರದ ಗೂಟಗಳಿಂದ ಕಟ್ಟಿದ ಎರಡು ಓಣಿಗಳು. ಒಂದರಲ್ಲಿ ಪಟ್ಟಣದಿಂದ ಬಂದ ಲಸಿಕೆಯವನು, ಕೈ ಚುರುಕು. ಇನ್ನೊಂದರಲ್ಲಿ ಸಿತೇಯಾ. ನಾನು ನಿವೃತ್ತಳಾಗಿದ್ದೆ, ಗಡಿಯಾರ ಹಿಡಿದು ಅವಳ ಓಣಿಯ ಕೊನೆಯಲ್ಲಿ ಕೂತಿದ್ದೆ.

"ಸೂಜಿಯವಳ ಸಾಲಿನಲ್ಲಿ ನಿಂತ್ರೆ ಕರು ಮುದಿಹಸುವಾಗಿ ಹೊರಗೆ ಬರುತ್ತೆ!" ಎಂದು ಒಬ್ಬ ಮುದುಕ ಕೂಗಿದ.

"ನೀನು ಆ ಸಾಲಿಗೆ ಹೋಗು ಅಣ್ಣ," ಎಂದಳು ಸಿತೇಯಾ ತಲೆಯೆತ್ತದೆ. "ಬೇಗ ಮನೆ ಸೇರಿದ್ರೆ ಹೆಂಡತಿ ಇನ್ನೊಂದು ಕೆಲಸ ಹೇಳ್ತಾಳೆ."

ನಗು ನಿಲ್ಲುವಷ್ಟರಲ್ಲಿ ನಂಪಾಸೊ ಬಂದಳು. ಕೆಂಪು ಕಡಸು, ಹೊಟ್ಟೆ ಬಿಳಿ. ಸಾಂಪುವಿನ ಜೊತೆ ಹೋಗಿದ್ದ ಆ ಕರುವಿನ ಮಗಳು. ಅವಳು ಪಟ್ಟಣದವನ ಸಾಲನ್ನು ದಾಟಿ ಸಿತೇಯಾಳ ಸಾಲಿನಲ್ಲಿ ನಿಂತಳು. ಗದ್ದಲ ತಾನಾಗಿ ತಗ್ಗಿತು.

"ಹಿಂದೆ ಈ ಲಸಿಕೆ ಹಾಕಿಸಿದ್ಯಾ?" ಸಿತೇಯಾ ಕೇಳಿದಳು.

"ಹೋದ ವರ್ಷ. ಪಟ್ಟಣದೋರು ಹಾಕಿದ್ರು."

"ಆಮೇಲೆ ಕಣ್ಣು ಬಾತಿದ್ದು, ಗಂಧೆ ಎದ್ದಿದ್ದು ಏನಾದ್ರೂ?"

"ನನ್ನ ಕಡಸಿಗೆ ಏನಾಗಬೇಕಿತ್ತು?"

"ಎಲ್ಲರನ್ನೂ ಕೇಳ್ತೀನಿ."

"ಏನೂ ಆಗಿಲ್ಲ. ಹಾಕು."

ಹಾಕಿದಳು. ಕಡಸನ್ನು ಜಾಲಿಮರಕ್ಕೆ ಕಟ್ಟಿದರು. ಸಿತೇಯಾ ಉಳಿದ ಸಾಲನ್ನು ನಿಲ್ಲಿಸಿ ತಾನೂ ಬಂದು ಕೂತಳು. ಬೇರೆ ಯಾರ ಹಸುವಿಗೂ ಹಾಗೆ ಮಾಡಿರಲಿಲ್ಲ. ಇಬ್ಬರ ನಡುವೆ ಒಂದು ಆಳಿನಷ್ಟು ಜಾಗ. ನಂಪಾಸೊ ನಶ್ಯದ ಡಬ್ಬಿ ತೆಗೆದು, ತಾನು ಸೇದಿ, ಅದನ್ನು ಕೈಗೆ ಕೊಡದೆ ನಡುವಿನ ನೆಲದ ಮೇಲಿಟ್ಟಳು. ಸಿತೇಯಾ ಅದನ್ನು ಎತ್ತಿಕೊಂಡು, ಸೇದಿ, ಅಲ್ಲೇ ಇಟ್ಟಳು.

"ಹಲ್ಲು ಎಲ್ಲಿ ಹೋಯ್ತು ನಿಂದು?" ನಂಪಾಸೊ ಕೇಳಿದಳು.

"ಎರಡು ಹೋದ್ವು. ನಿಂದು?"

"ಮೂರು."

"ಯಾವಾಗ್ಲೂ ನೀನೇ ಮುಂದೆ."

ನಂಪಾಸೊಳ ತುಟಿ ಸ್ವಲ್ಪ ಅಲುಗಿತು. ಸಿತೇಯಾ ಕಡಸಿನ ಕಣ್ಣನ್ನೇ ನೋಡುತ್ತಿದ್ದಳು. ಬೇರೆ ಕಡೆ ನೋಡಲು ಧೈರ್ಯವಿರಲಿಲ್ಲವೆಂದು ಆಮೇಲೆ ಹೇಳಿದಳು. ಹನ್ನೊಂದು ನಿಮಿಷ. ಹದಿನಾಲ್ಕು. ಕಡಸು ಮೆಲುಕು ಹಾಕುತ್ತಿತ್ತು. ಅಷ್ಟು ಹೊತ್ತು ಅವರಿಬ್ಬರೂ ಒಂದೇ ನೆರಳಿನಲ್ಲಿ ಕೂತು ಒಂಬತ್ತು ವರ್ಷವಾಗಿತ್ತು.

ಹದಿನೇಳನೆಯ ನಿಮಿಷಕ್ಕೆ ಮೆಲುಕು ನಿಂತಿತು. ಕಡಸು ತಲೆ ಕೊಡವಿತು, ಮೂತಿಯನ್ನು ಮರಕ್ಕೆ ಉಜ್ಜಿತು. ಕಣ್ಣಿನ ರೆಪ್ಪೆ ನಮ್ಮ ಕಣ್ಣೆದುರೇ ಊದಿತು. ಜೊಲ್ಲು, ಕೆಮ್ಮು, ಆಮೇಲೆ ಗೊರಗೊರ ಉಸಿರು. ಮುಂಗಾಲು ಮಡಿಸಿತು.

ಸಿತೇಯಾ ಅಷ್ಟರಲ್ಲಿ ಬುರುಡೆ ಬೋರಲು ಹಾಕಿದ್ದಳು. ಆ ಗಾತ್ರದ ಕಡಸಿಗೆ ಐದು ಕೊಳವೆ ಬೇಕು. ಗಾಜಿನ ಕತ್ತನ್ನು ಬಟ್ಟೆ ಸುತ್ತಿ ಮುರಿಯಬೇಕು. ಬಟ್ಟೆ ಹುಡುಕದೆ ಬರಿಗೈಯಲ್ಲೇ ಮುರಿದಳು. ಹೆಬ್ಬೆರಳು ಮೂರು ಕಡೆ ಸೀಳಿತು. ಸೂಜಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ರಕ್ತದ ಕೈಯಲ್ಲಿ ಕಡಸಿನ ಕತ್ತಿಗೆ ಸೂಜಿ ಚುಚ್ಚಿದಳು.

ಆಗ ನಂಪಾಸೊ ಕೂಗಿದಳು. "ಪಾಶೆ! ಪಾಶೆ, ಹೋಗ್ತಾ ಇದೆ ಕಣೇ! ಪಾಶೆ!"

ಮೂರು ಸಲ. ನಾನು ಪಕ್ಕದಲ್ಲಿದ್ದೆ, ಮೂರು ಸಲ. ಸಿತೇಯಾಳ ಬೆನ್ನು ಬಿಗಿಯಿತು. ಅವಳು ಓಗೊಡಲಿಲ್ಲ. ಹಲ್ಲಿನಲ್ಲಿ ಮುಚ್ಚಳ, ಎರಡೂ ಕೈಯಲ್ಲಿ ಸಿರಿಂಜು, ಔಷಧಿ ಇನ್ನೂ ಅರ್ಧ ಒಳಗೆ ಹೋಗಬೇಕಿತ್ತು. ಅವಳು ಅದನ್ನು ಪೂರ್ತಿ ಹಾಕಿದಳು. ಸೂಜಿ ಹೊರಗೆ ತೆಗೆದಳು. ಮುಚ್ಚಳ ಉಗುಳಿದಳು. ತಿರುಗುವ ಹೊತ್ತಿಗೆ ನಂಪಾಸೊ ಬಾಯಿಗೆ ಸೆರಗು ಒತ್ತಿ ಹಿಡಿದು ಬೇರೆ ಕಡೆ ನೋಡುತ್ತಿದ್ದಳು.

ನಾಲ್ಕೈದು ನಿಮಿಷದಲ್ಲಿ ಉಸಿರು ಸಡಿಲವಾಯಿತು. ಇಪ್ಪತ್ತು ನಿಮಿಷಕ್ಕೆ ಕಡಸು ಎದ್ದು ನಿಂತಿತು, ಉಚ್ಚೆ ಹೊಯ್ದಿತು. ತಾಯಿಯ ತಾಯಿಗೆ ಪೆನ್ಸಿಲಿನ್ ಒಗ್ಗಲಿಲ್ಲ, ಮೊಮ್ಮಗಳಿಗೆ ಲಸಿಕೆ ಒಗ್ಗಲಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳಲಾರೆ.

ನಂಪಾಸೊ ನೆಲ ನೋಡುತ್ತ ಮೆಲ್ಲಗೆ, "ಹೋದ ವರ್ಷ ಮನೆಗೆ ಹೋಗೋ ದಾರೀಲಿ ಕಣ್ಣು ಒಂಚೂರು ಬಾತಿತ್ತು," ಎಂದಳು. "ಧೂಳು ಅಂದ್ಕೊಂಡೆ."

ಧೂಳು ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ ಪಟ್ಟಣದವನ ಸಾಲು ಬಿಟ್ಟು ಈ ಸಾಲಿಗೆ ಬರುತ್ತಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ಒಂಬತ್ತು ವರ್ಷ ಕಾದವಳಿಗೆ, ನೀನೂ ಮುಚ್ಚಿಟ್ಟೆ ಎಂದು ತಿರುಗಿ ಅನ್ನಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

"ಹೋದ ವರ್ಷ ಧೂಳು ಜಾಸ್ತಿ ಇತ್ತು," ಎಂದಳು ಸಿತೇಯಾ.

ನಂಪಾಸೊ ಹಗ್ಗ ಬಿಚ್ಚಿದಳು. "ಸಿತೇಯಾ, ಮತ್ತೆ ಯಾವಾಗ ಕರ್ಕೊಂಡು ಬರಲಿ? ಆರು ತಿಂಗಳಿಗಾ?"

ಈ ಲಸಿಕೆ ಆರು ತಿಂಗಳಿಗೊಮ್ಮೆ. ಹೂಂ ಎಂದಿದ್ದರೆ ಆರು ತಿಂಗಳಿಗೊಮ್ಮೆ ಅರ್ಧ ಗಂಟೆ, ಅದೇ ನೆರಳು, ನಶ್ಯದ ಡಬ್ಬಿ. ಸಿತೇಯಾ ಎದ್ದು ನಿಂತು, ಎರಡೂ ಸಾಲಿಗೂ ಕೇಳುವಂತೆ ಹೇಳಿದಳು: "ಈ ಕಡಸಿಗೆ ಈ ಲಸಿಕೆ ಇನ್ನು ಹಾಕಬಾರದು. ಸಾಯೋವರೆಗೂ ಹಾಕಬಾರದು. ಇದನ್ನ ಕರ್ಕೊಂಡು ಬರಬೇಡ."

ಸಾಲಿನಲ್ಲಿದ್ದವರು ಲೊಚಗುಟ್ಟಿದರು. ಒಡತಿ ಎದುರಿಗಿರುವಾಗ ಹಸುವಿನ ದೋಷವನ್ನು ಕೂಗಿ ಹೇಳುವುದು! "ಬಾಯಿ ತೊಳ್ಕೋ ಹೆಂಗಸೇ," ಎಂದ ಮುದುಕ.

"ನೀನು ಸುಮ್ನಿರು ಅಣ್ಣ," ನಂಪಾಸೊ ಗಂಟಲು ಏರಿಸಿದಳು. "ಸಿತೇಯಾ, ಇನ್ನೊಂದು ಸಲ ಹೇಳು. ಆ ಕಡೆಯೋರಿಗೆ ಕೇಳಿಸಿಲ್ಲ."

ಸಿತೇಯಾ ಇನ್ನೊಮ್ಮೆ ಹೇಳಿದಳು. ನಂಪಾಸೊ ಕಡಸನ್ನು ಹೊಡೆದುಕೊಂಡು ಹೊರಟಳು. ಅವಳು ಒಣಹೊಳೆ ದಾಟಿ ಆ ದಡ ಹತ್ತುತ್ತಿದ್ದಾಗ ಸಿತೇಯಾ, ಕೂಗದೆ, ಮಾತಾಡುವ ದನಿಯಲ್ಲೇ, "ಪಾಶೆ," ಎಂದಳು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು.

ಇನ್ನೊಬ್ಬರ ವಿಷಯದಲ್ಲಿ ಕೈ ಹಾಕುವುದು ನನ್ನ ಸ್ವಭಾವವಲ್ಲ. ಆದರೂ ಮುಂದಿನ ಸಂತೆಯಲ್ಲಿ ನಂಪಾಸೊ ಸಿಕ್ಕಾಗ ನೇರವಾಗಿ ಕೇಳಿದೆ: ಅಂದು ಕರೆದವಳು ಮತ್ತೆ ಯಾಕೆ ಕರೆಯುವುದಿಲ್ಲ?

"ಕರೆದೆ. ಓಗೊಡಲಿಲ್ಲ."

"ಅವಳ ಹಲ್ಲಿನಲ್ಲಿ ಸೂಜಿಯ ಮುಚ್ಚಳವಿತ್ತು."

"ಗೊತ್ತು. ನೋಡಿದೆ." ಅವಳು ಈರುಳ್ಳಿ ಆರಿಸುತ್ತಿದ್ದಳು. "ಹೆದರಿ ಕೂಗಿದ್ದು ಕರೆದ ಹಾಗಲ್ಲ, ಕೋಕೋ. ಹೆದರಿಕೆ ಇಲ್ಲದಾಗ ಬಾಯಿಗೆ ಬರಲಿ ಅಂತ ನಾನೂ ಕಾಯ್ತಾ ಇದ್ದೀನಿ. ಬರ್ತಾ ಇಲ್ಲ."

ಇದನ್ನು ಸಿತೇಯಾಗೆ ಹೇಳಿದೆ. "ಕಾಯ್ತಿದ್ದೀನಿ ಅಂದ್ಲಾ?" ಎಂದು ಒಮ್ಮೆ ಕೇಳಿದಳು. ಹೌದೆಂದೆ. ಇನ್ನೊಮ್ಮೆ ಕೇಳಿದಳು.

ಆ ಲಸಿಕೆಯ ದಿನದಿಂದ ಒಂದು ಹೊಸ ಪದ್ಧತಿ ಬಂದಿದೆ. ಯಾರೂ ಕೂತು ಮಾಡಿದ್ದಲ್ಲ. ಹಸು ಕೊಡುವವಳು ಈಗಲೂ ಅದರ ದೋಷ ಹೇಳುವುದಿಲ್ಲ, ತೆಗೆದುಕೊಳ್ಳುವವಳು ಈಗಲೂ ಕೇಳುವುದಿಲ್ಲ. ಮುನ್ನಾದಿನ ಸೂಜಿಯವಳಿಗೆ ಗುಟ್ಟಾಗಿ ಹೇಳುತ್ತಾರೆ. ಕೊಡುವ ದಿನ ಅವಳು ಪಕ್ಕದಲ್ಲಿ ನಿಂತು, "ಇದಕ್ಕೆ ಬಿಳಿ ಔಷಧಿ ಆಗಲ್ಲ," ಎಂದೋ, "ಇದಕ್ಕೆ ಎಲ್ಲ ಆಗುತ್ತೆ," ಎಂದೋ ಹೇಳುತ್ತಾಳೆ. ಶಾಪ ತಟ್ಟುವುದಿದ್ದರೆ ಅವಳಿಗೆ ತಟ್ಟಲಿ ಎಂದು ಜನರ ಲೆಕ್ಕ. ಅವಳು ಬೇಡವೆನ್ನುವುದಿಲ್ಲ. ಹೀಗೆ ಸುತ್ತಮುತ್ತಲ ಎಷ್ಟೋ ಹೆಂಗಸರು ಒಬ್ಬರನ್ನೊಬ್ಬರು ಪಾಶೆ ಎಂದು ಮೊದಲ ಸಲ ಕರೆಯುವಾಗ ಅವಳು ಅಲ್ಲಿ ನಿಂತಿರುತ್ತಾಳೆ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಹೋಗುತ್ತಾಳೆ.

ಈ ಮಳೆ ಮುಗಿದ ಮೇಲೆ ನಂಪಾಸೊ ಆ ಕೆಂಪು ಕಡಸು ಹಾಕಿದ ಹೆಣ್ಣುಕರುವನ್ನು, ತಾಯಿಯ ಸಮೇತ, ಪಕ್ಕದ ದೊಡ್ಡಿಗೆ ಹೊಸದಾಗಿ ಬಂದ ಸೊಸೆ ತಿಪಾಂಕೊಗೆ ಕೊಟ್ಟಳು. ಸಿತೇಯಾಗೆ ಹೇಳಿಕಳಿಸಿದ್ದಳು. ನಾನೂ ಹೋಗಿದ್ದೆ. ಸಿತೇಯಾ ಹಸುವಿನ ಬೆನ್ನಿನ ಮೇಲೆ ಕೈಯಿಟ್ಟು, "ಇದಕ್ಕೆ ಕಾಲುಬಾಯಿ ಲಸಿಕೆ ಹಾಕಿಸಬೇಡ. ಕರುವಿನದು ಇನ್ನೂ ಗೊತ್ತಿಲ್ಲ, ಹಾಕಿಸಿದಾಗ ಅರ್ಧ ಗಂಟೆ ಕೂತು ನೋಡು," ಎಂದಳು.

ತಿಪಾಂಕೊ ನಾಚಿಕೊಂಡು, "ಪಾಶೆ," ಎಂದಳು. ಆ ಪದ ಅವಳ ಬಾಯಿಗೆ ಹೊಸದು.

"ಪಾಶೆ," ಎಂದಳು ನಂಪಾಸೊ.

ಸಿತೇಯಾ ಬಗ್ಗಿ ಪೆಟ್ಟಿಗೆಯ ಚಿಲಕ ಹಾಕುತ್ತಿದ್ದಳು. ಹಾಕಿದ್ದ ಚಿಲಕವನ್ನು ತೆಗೆದು ಇನ್ನೊಮ್ಮೆ ಹಾಕಿದಳು.

"ಸಿತೇಯಾ," ಎಂದಳು ನಂಪಾಸೊ, "ಹಾಲು ಕುಡಿದು ಹೋಗು."

ಸಿತೇಯಾ ನಿಂತೇ ಕುಡಿದಳು. ಬುರುಡೆಯನ್ನು ಹಿಂದಕ್ಕೆ ಚಾಚಿದಳು. ನಂಪಾಸೊ ಅದನ್ನು ಹಿಡಿದುಕೊಂಡಳು, ಆದರೆ ಎಳೆದುಕೊಳ್ಳಲಿಲ್ಲ. ಬುರುಡೆ ಅಷ್ಟು ಭಾರವಾದದ್ದೇನೂ ಅಲ್ಲ, ಬರಿದಾಗಿತ್ತು. ಇಬ್ಬರೂ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದರು.